ಡಾಕ್ಟರರು ಕೇಳಿದ ಮೂರು ಮಾತು

ಮೊನ್ನೆ ಪಂಚಾಯತಿಯ ಇಬ್ಬರು ಬಂದು ನಮ್ಮ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಹೋದರು. ಮಳೆಗಾಲಕ್ಕೆ ಮುಂಚೆ ಎಲ್ಲ ಬಾವಿಗೂ ಹಾಕಬೇಕಂತೆ, ಈಗ ಹಾಗೆ ಕಾನೂನು. ಆ ದಿನವೆಲ್ಲ ಕೊಡ, ಹಂಡೆ, ಒಗೆದ ಬಟ್ಟೆ ಎಲ್ಲದಕ್ಕೂ ಅದೇ ವಾಸನೆ. ಮಗಳು ಚಾ ಮಾಡಿ ತಂದಳು. ಲೋಟ ಬಾಯಿಯ ಹತ್ತಿರ ತಂದವಳು ಹಾಗೇ ಕೆಳಗಿಟ್ಟೆ.

“ಎಂತ ಆತು ಅಮ್ಮಾ? ಹೊಟ್ಟೆ ಸರಿ ಇಲ್ವಾ?” ಎಂದಳು.

“ಹೌದು, ಹೊಟ್ಟೆ ಸರಿ ಇಲ್ಲ” ಎಂದೆ. ನನಗೆ ಹೌದು ಎನ್ನುವುದು ಮೊದಲಿಂದಲೂ ಸುಲಭ.

ನಮ್ಮ ಯಜಮಾನರು ತೀರಿಕೊಂಡು ಬರುವ ಶ್ರಾವಣಕ್ಕೆ ಎರಡು ವರ್ಷ. ಅವರಿಗೂ ನನಗೂ ಮಾತ್ರ ಗೊತ್ತಿದ್ದ ಸಂಗತಿಯೊಂದು ಈಗ ನನ್ನೊಬ್ಬಳ ಹತ್ತಿರ ಉಳಿದಿದೆ. ಅವರು ಅದನ್ನು ಯಾರಿಗೂ ಹೇಳಲಿಲ್ಲ, ನನ್ನ ಮೇಲಿನ ದಯೆಯಿಂದ. ನಾನು ಹೇಳಲಿಲ್ಲ, ನಾಚಿಕೆಯಿಂದ.

ಮಹಾಯುದ್ಧ ಮುಗಿಯುವುದಕ್ಕೆ ಹಿಂದಿನ ಬೇಸಿಗೆ ಅದು. ಅಕ್ಕಿಗೆ ರೇಶನ್ ಕಾರ್ಡು ಬಂದಿತ್ತು, ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ, ಕುಮಟೆಯ ಬಸ್ಸು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏರು ಬಂದಲ್ಲೆಲ್ಲ ನಿಂತು ಉಸಿರು ಬಿಡುತ್ತಿತ್ತು. ನಾವು ಹೊನ್ನಾವರದಲ್ಲಿ ಹೊಳೆಯ ದೋಣಿ ನಿಲ್ಲುವ ಧಕ್ಕೆಗೆ ಹತ್ತಿರ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಯಜಮಾನರು ಬೋರ್ಡ್ ಶಾಲೆಯ ಮಾಸ್ತರು. ಭಟ್ಕಳದಿಂದ ವರ್ಗವಾಗಿ ಬಂದು ಒಂದು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ನಾನು, ಇಬ್ಬರು ಸಣ್ಣ ಮಕ್ಕಳು. ನಾನು ಅಂಗಳದಲ್ಲಿ ಮುರುಗಲ ಸಿಪ್ಪೆ ಒಣಗಿಸುತ್ತಿದ್ದೆ, ಹಲಸಿನ ಹಪ್ಪಳಕ್ಕೆ ಹಿಟ್ಟು ಕುಟ್ಟುತ್ತಿದ್ದೆ. ಬಾವಿಗಳು ತಳ ಕಂಡು ಕೊಡಕ್ಕೆ ಅರ್ಧ ಕೆಸರು ಬರುತ್ತಿತ್ತು. ಆಗ ವಾಂತಿಭೇದಿ ಬಂತು.

ಮೊದಲು ಹೊಳೆಯ ಆಚೆ ದಡದ ಕೇರಿಗಳಲ್ಲಿ. ಅದರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬ್ಯಾನೆ ಎನ್ನುತ್ತಿದ್ದರು. ಒಂದು ಮನೆಯಲ್ಲಿ ಬಿದ್ದರೆ ಅಕ್ಕಪಕ್ಕದ ನಾಲ್ಕು ಮನೆಯವರು ಪಾತ್ರೆಪಗಡ ತಲೆಯ ಮೇಲೆ ಹೊತ್ತು ನೆಂಟರ ಊರಿಗೆ ಹೊರಟುಬಿಡುತ್ತಿದ್ದರು. ರಜೆ ಬಿದ್ದಿದ್ದ ಶಾಲೆಯ ಬೆಂಚು ಹೊರಗಿಟ್ಟು ಒಳಗೆ ಬ್ಲೀಚಿಂಗ್ ಪುಡಿ ಎರಚಿ ಚಾಪೆ ಹಾಸಿ ಆಸ್ಪತ್ರೆ ಮಾಡಿದರು. ಮಕ್ಕಳನ್ನು ನಾನು ಕುಮಟೆಯ ತವರಿಗೆ ಕಳಿಸಿದೆ.

ಧಾರವಾಡ ಕಡೆಯ ಒಬ್ಬ ಡಾಕ್ಟರರು ಬಂದರು. ಕುಳ್ಳಗೆ, ತಲೆಗೆ ಟೊಪ್ಪಿಗೆ, ಕಾಲಿಗೆ ಸೈಕಲ್ ಕ್ಲಿಪ್ಪು. ಬಂದ ಮರುದಿನವೇ ಊರಿನ ಎಂಟು ಜನರನ್ನು ಸೇರಿಸಿ ಒಂದು ತುಕಡಿ ಮಾಡಿದರು. ಅವರಲ್ಲಿ ನಮ್ಮವರೂ ಒಬ್ಬರು. ದೋಣಿಯಲ್ಲಿ ಆಚೆ ದಡಕ್ಕೆ ಹೋಗಬೇಕು, ಒಂದೊಂದೇ ಮನೆ ನೋಡಬೇಕು, ಬಿದ್ದವರಿಗೆ ಉಪ್ಪು ಹಾಕಿದ ಗಂಜಿ ತಿಳಿ ಕುಡಿಸಿ ದೋಣಿಗೆ ಹಾಕಿ ತರಬೇಕು. ಒಳಗೆ ಜನ ಇದ್ದರೆ ಬಾಗಿಲಿಗೆ ಸುಣ್ಣದಲ್ಲಿ ಸೊನ್ನೆ, ಖಾಲಿ ಇದ್ದರೆ ಅಡ್ಡಗೆರೆ. ಅಡ್ಡಗೆರೆ ಬಿದ್ದ ಮನೆಗೆ ಮತ್ತೆ ಯಾರೂ ಹೋಗುವುದಿಲ್ಲ. ಆದ್ದರಿಂದ ಗೆರೆ ಎಳೆಯುವ ಮೊದಲು ಬಾಗಿಲು ತೆಗೆದು, ಒಳಗೆ ಹೋಗಿ, ಅಡಿಗೆಮನೆ ಬಚ್ಚಲು ಸಹಿತ ನಾಲ್ಕು ಮೂಲೆ ಕಣ್ಣಲ್ಲಿ ಕಾಣಬೇಕು. ಇದನ್ನು ಡಾಕ್ಟರರು ದಿನಾ ಬೆಳಿಗ್ಗೆ ಧಕ್ಕೆಯ ಮೇಲೆ ಪಾಠದ ಹಾಗೆ ಹೇಳಿಸುತ್ತಿದ್ದರಂತೆ.

ತುಕಡಿಗೆ ಸೇರುವುದು ಅಷ್ಟು ಸುಲಭ ಇರಲಿಲ್ಲ. ಎರಡು ಸಲ ಸೂಜಿ ಚುಚ್ಚಿಸಿಕೊಂಡು ತೋಳು ಬಾತು ಜ್ವರ ಬಂದು ಇಳಿಯಬೇಕು. ಉಗುರು ಬುಡದ ತನಕ ಕತ್ತರಿಸಬೇಕು, ಬೆರಳಲ್ಲಿ ಉಂಗುರ ಇರಕೂಡದು. ಹೋದ ಮನೆಯಲ್ಲಿ ಒಂದು ವೀಳ್ಯದೆಲೆಯನ್ನೂ ಬಾಯಿಗೆ ಹಾಕಕೂಡದು, ಕುದಿಸಿದ ನೀರು ಸ್ವಂತ ಬಾಟಲಿಯಲ್ಲೇ ಒಯ್ಯಬೇಕು. ಬಂದ ಮೇಲೆ ಹಿತ್ತಲಲ್ಲೇ ಸ್ನಾನ, ಉಟ್ಟ ಬಟ್ಟೆ ಹಂಡೆಯಲ್ಲಿ ಕುದಿಸಬೇಕು. ಎರಡು ದಿನ ಹೋದರೆ ಮೂರನೆಯ ದಿನ ಮನೆಯಲ್ಲಿರಬೇಕು. ಇದೆಲ್ಲ ಆದ ಮೇಲೆ ಡಾಕ್ಟರರು ಒಂದೊಂದು ಮನೆಗೂ ಸ್ವತಃ ಬಂದರು. ನಾನು ಆಗಿನ ಪದ್ಧತಿಯಂತೆ ಬಾಗಿಲ ಹಿಂದೆ ನಿಂತಿದ್ದೆ. ಅವರು ಜಗಲಿಯಲ್ಲಿ ಕೂತು ಬಾಗಿಲ ಕಡೆ ತಿರುಗಿ ನನ್ನ ಹತ್ತಿರವೇ ಮಾತಾಡಿದರು.

“ನೋಡ್ರಿ ತಾಯಿ, ಗಂಡಸರನ್ನ ಕೇಳಿದ್ರ ಎಲ್ಲಾ ಛಲೋ ಅದ ಅಂತಾರ. ಅದಕ್ಕ ನಾ ಅವರನ್ನ ಕೇಳಂಗಿಲ್ಲ, ನಾಕು ದಿನಕ್ಕೊಮ್ಮೆ ಬಂದು ನಿಮ್ಮನ್ನ ಕೇಳ್ತೀನಿ. ಮೂರ ಮಾತು. ಉಣ್ತಾರೇನು? ನಿದ್ದಿ ಮಾಡ್ತಾರೇನು? ಮನ್ಯಾಗ ಮಾತಾಡ್ತಾರೇನು? ಒಂದಕ್ಕ ನೀವು ಇಲ್ಲ ಅಂದ್ರ ಸಾಕು, ಅವರನ್ನ ದೋಣಿ ಹತ್ತಿಸಂಗಿಲ್ಲ. ಬ್ಯಾರೆ ಕೆಲಸ ಕೊಡ್ತೀನಿ. ನಾಚಿಕಿ ಪಡೂದು ಬ್ಯಾಡ. ಇದು ಜ್ವರ ಬಂದಂಗ, ಅಷ್ಟ.”

ಒಳಗಿನಿಂದ ನಮ್ಮ ಅತ್ತೆ ಕೂಗಿ ಹೇಳಿದರು: “ಡಾಕ್ಟ್ರೇ, ನಮ್ಮ ಮಾಣಿ ಸಣ್ಣಿದ್ದಾಗ್ಲೂ ಮಾತಾಡ್ತಿರ್ಲಿಲ್ಲ. ಅದ್ಕೆ ಎಂತ ಮದ್ದಿದೆ?”

“ಹಂಗಾರ ನಿಮ್ಮ ಮನಿಗೆ ಎರಡ ಮಾತು ಸಾಕ್ರಿ ಅಮ್ಮ” ಎಂದು ಡಾಕ್ಟರರು ನಕ್ಕರು. ಇವರೂ ನಕ್ಕರು. ನಾನು ಬಾಗಿಲ ಹಿಂದಿನಿಂದ, “ಆತು, ಹೇಳ್ತೇನೆ” ಎಂದು ಒಪ್ಪಿಕೊಂಡೆ.

ಮೊದಲ ವಾರ ನನಗೆ ಜಂಬವೇ ಇತ್ತು, ಸುಳ್ಳೇಕೆ. ನಸುಕಿಗೆ ಎದ್ದು ನೀರು ಕುದಿಸಿ ಆರಿಸಿ ಬಾಟಲಿಗೆ ತುಂಬುವುದು, ಬಟ್ಟೆಯ ಚೀಲಕ್ಕೆ ಒಣ ಪಂಚೆ, ಸಾಬೂನು ಚೂರು, ಉಪ್ಪಿನ ಪೊಟ್ಟಣ, ಸುಣ್ಣದ ಕರಟ ಇಡುವುದು, ಅವರು ಹೊರಟಾಗ ಚೀಲವನ್ನು ಬಾಗಿಲಲ್ಲಿ ಕೊಡುವುದು. ರೇಶನ್ ಅಂಗಡಿಯ ಸಾಲಿನಲ್ಲಿ ಹೆಂಗಸರು, “ಅಕ್ಕೋರು ಮುಂದೆ ಹೋಗ್ಲಿ, ಅವ್ರ ಮನೆಯವ್ರು ಬ್ಯಾನೆ ತುಕಡೀಲಿ ಇದ್ದಾರೆ” ಎಂದು ಜಾಗ ಬಿಡುತ್ತಿದ್ದರು. ನಾನು ಬೇಡ ಎನ್ನುತ್ತಲೇ ಮುಂದೆ ಹೋಗುತ್ತಿದ್ದೆ.

ನಮ್ಮ ಬೇಲಿಯ ಆಚೆಯ ಮನೆ ಗಣಪಯ್ಯನದು. ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಅವನೂ ತುಕಡಿಗೆ ಸೇರಿದ್ದ. ಮೂರನೆಯ ದಿನ ಧಕ್ಕೆಗೆ ಬಂದು ಡಾಕ್ಟರರ ಮುಂದೆ ಎರಡೂ ಕೈ ಚಾಚಿ, “ನೋಡಿ, ನಿಲ್ತಾ ಇಲ್ಲ” ಎಂದನಂತೆ. ಕೈ ನಡುಗುತ್ತಿತ್ತು. ಡಾಕ್ಟರರು ಆಗಲೇ ಅವನಿಗೆ ಬಾವಿಗಳಿಗೆ ಕೆಂಪು ಮದ್ದು ಹಾಕುವ ಕೆಲಸ ಕೊಟ್ಟರು. ಊರು ಸುಮ್ಮನಿರಬೇಕಲ್ಲ. ಅಂದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಐದಾರು ಹೆಂಗಸರು ಅದೇ ಮಾತು.

“ಗಣಪಯ್ಯಂಗೆ ಸುಣ್ಣದ ಕರಟ ಹಿಡಿಯೂಕೂ ಕೈ ನಡಗ್ತಂತೆ.”

“ಹಂಗಾರೆ ಅಂಗಡೀಲಿ ಬಟ್ಟೆ ಹ್ಯಾಂಗೆ ಅಳೀತ?” ಎಂದು ಕೇಳಿದವಳು ನಾನು. “ನಡುಗು ಕೈಯಲ್ಲಿ ಅಳದ್ರೆ ಗಿರಾಕಿಗೇ ಒಂದು ಗೇಣು ಹೆಚ್ಚು ಸಿಕ್ಕೂದು. ಇನ್ಮೇಲೆ ನಾನು ನಡುಗು ಗಣಪಯ್ಯನ ಹತ್ರವೇ ಸೀರೆ ತಕ್ಕೊಳ್ತೆ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿರುಗಿ ನೋಡಿದರೆ ಹಿಂದೆ ಅವನ ಹೆಂಡತಿ ಸಾವಿತ್ರಿ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. ಅವಳು ಕೊನೆಯ ಕಲ್ಲಿಗೆ ಹೋಗಿ ಕೂತಳು. ನಡುಗು ಗಣಪಯ್ಯ ಎನ್ನುವ ಹೆಸರು ಅವನಿಗೆ ಸಾಯುವ ತನಕ ಉಳಿಯಿತು. ಇಟ್ಟವಳು ನಾನು.

ಎರಡನೆಯ ವಾರದಲ್ಲಿ ಒಂದು ಮಧ್ಯಾಹ್ನ ಇವರು ಬಂದು ಸ್ನಾನ ಮಾಡಿ ಜಗಲಿಯಲ್ಲಿ ಕೂತರು. ಬಾಟಲಿ ತೊಡೆಯ ಮೇಲಿಟ್ಟುಕೊಂಡು ಅದರ ಬೂಚು ಕೀಳುವುದು, ಮತ್ತೆ ಒತ್ತುವುದು, ಕೀಳುವುದು. ಊಟಕ್ಕೆ ಕರೆದರೆ ಬಂದು ಎರಡು ತುತ್ತು ಉಂಡು ಕೈ ತೊಳೆದರು. ಅವರ ಜೊತೆ ಹೋಗುತ್ತಿದ್ದ ದೋಣಿಯ ದೇವು ಹಿತ್ತಲ ಕಡೆಯಿಂದ ಬಂದು ನನ್ನನ್ನು ಕರೆದ. ಐವತ್ತು ದಾಟಿದ ಆಳು, ಯಾವಾಗಲೂ ತಮಾಷೆ ಮಾಡುವವ. ಆ ದಿನ ತಮಾಷೆ ಇರಲಿಲ್ಲ.

“ಅಕ್ಕೋರೇ, ಇವತ್ತು ಒಂದು ಮನೆ ಬಾಗ್ಲು ದೂಡದ್ರು ಮಾಸ್ತರು. ಬಾಗ್ಲ ಹಿಂದೇ ಒಬ್ಬ ಬಿದ್ಕಂಡಿದ್ದ. ಮಾಸ್ತರ ಕಾಲು ಹಿಡ್ಕಂಡು ನೀರು ನೀರು ಅಂದ. ಬಾಟ್ಲಿ ಬೂಚು ಬಿಗಿ. ಬರೂದೇ ಇಲ್ಲ. ಹಲ್ಲಲ್ಲಿ ಕಚ್ಚಿ ಎಳೆದ್ರು. ಕೂಗು ಕೇಳಿ ನಾ ಓಡಿ ಹೋಗೂ ಹೊತ್ತಿಗೆ ಅವ ಕಾಲು ಹಿಡ್ಕಂಡೇ ಹೋಗ್ಬಿಟ್ಟಿದ್ದ. ಅವನ ಬೆರಳು ಬಿಡ್ಸಿದ್ದು ನಾನು. ಮಾಸ್ತರನ್ನ ಸ್ವಲ್ಪ ನೋಡ್ಕಳಿ ನೀವು.”

ಬೂಚು ಸೋರಿ ಸುಣ್ಣ ಒದ್ದೆಯಾಗುತ್ತದೆ ಎಂದು ಆ ಬೆಳಿಗ್ಗೆ ಅದಕ್ಕೆ ಬಟ್ಟೆ ಸುತ್ತಿ ಅಂಗೈಯಿಂದ ಗುದ್ದಿ ಬಿಗಿ ಮಾಡಿದವಳು ನಾನು. ದೇವುವಿಗೆ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ. ಮರುದಿನ ಸುಮ್ಮನೆ ಸಡಿಲ ಮಾಡಿ ಕೊಟ್ಟೆ. ಇವರೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಅವರು ಮಲಗುತ್ತಿದ್ದರು, ನಿದ್ದೆ ಮಾಡುತ್ತಿರಲಿಲ್ಲ. ಬಡಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅನ್ನ ದನದ ಬಾನಿಗೆ ಹೋಗುತ್ತಿತ್ತು, ಆ ರೇಶನ್ ಕಾಲದಲ್ಲಿ. ಮಾತು ಮೊದಲೇ ಕಡಿಮೆ, ಈಗ ಪೂರಾ ನಿಂತಿತು. ಅತ್ತೆ, “ಮಾಣಿಗೆ ಎಂತ ಆಯ್ದೇ?” ಎಂದರೆ, “ಸೆಖೆಗೆ” ಎನ್ನುತ್ತಿದ್ದೆ. ನಾಲ್ಕು ದಿನ ಹೀಗೇ ಕಳೆದ ಮೇಲೆ ಊಟಕ್ಕೆ ಕೂತಿದ್ದವರು ಎಲೆಯ ಮೇಲೆ ಕಣ್ಣಿಟ್ಟೇ ಹೇಳಿದರು.

“ನೋಡು, ನಾನು ಈಗ ಬಾಗಿಲು ತೆಗೀತಾ ಇಲ್ಲ.”

ನನಗೆ ತಿಳಿಯಲಿಲ್ಲ. “ಅಂದ್ರೆ ಎಂತ?” ಎಂದೆ.

“ಅಂಗಳದಲ್ಲಿ ನಿಂತು ಮೂರು ಸಲ ಕೂಗ್ತೆ. ಯಾರೂ ಓಗೊಡ್ಲಿಲ್ಲ ಅಂದ್ರೆ ಅಡ್ಡಗೆರೆ ಹಾಕಿ ಬತ್ತೆ. ದೇವು ದೋಣಿ ಹತ್ರ ಇರ್ತ, ಅವಂಗೆ ಗೊತ್ತಿಲ್ಲ. ಅಗುಳಿಗೆ ಕೈ ಹಾಕಿದ್ರೆ ಕಾಲು ಯಾರೋ ಹಿಡ್ದ ಹಂಗಾಗ್ತದೆ. ನನ್ನಿಂದಾಗೂದಿಲ್ಲ.”

ಒಬ್ಬ ಮನುಷ್ಯ ತನ್ನ ಮರ್ಯಾದೆಯನ್ನೆಲ್ಲ ಎಲೆಯ ಪಕ್ಕ ತೆಗೆದಿಟ್ಟು ನನ್ನನ್ನು ನೋಡುತ್ತಿದ್ದ. ನಾನು ಸಾರಿನ ಸೌಟು ಹಿಡಿದುಕೊಂಡಿದ್ದೆ. ನಾನು ಹೇಳಿದ್ದು ಇಷ್ಟು: “ಆತು, ಉಣ್ಣಿ. ಇದನ್ನ ಮತ್ತೆ ಯಾರ ಹತ್ರವೂ ಹೇಳ್ಬೇಡಿ.”

ಅವರು ತಲೆಯಾಡಿಸಿದರು. ಆ ಹೊತ್ತು ನನ್ನ ತಲೆಯಲ್ಲಿದ್ದದ್ದು ಆಚೆ ದಡದ ಮನೆಗಳಲ್ಲ. ಒಗೆಯುವ ಕಲ್ಲಿನ ಹತ್ತಿರದ ನಗು. ನಡುಗು ಮಾಸ್ತರು ಎಂದು ಯಾರಾದರೂ ಅಂದರೆ?

ಮರುದಿನ ಅವರ ಮನೆಯಲ್ಲಿರುವ ಸರದಿ. ಬೆಳಿಗ್ಗೆ ಡಾಕ್ಟರರು ಸೈಕಲ್ಲನ್ನು ಬೇಲಿಗೆ ಆನಿಸಿ ಬಂದರು. ಇವರು ಹಿತ್ತಲಲ್ಲಿದ್ದರು. ಡಾಕ್ಟರರ ಕಣ್ಣು ಕೆಂಪಗಿತ್ತು, ಭಟ್ಕಳದ ದಾರಿಯಿಂದ ಆಗಷ್ಟೇ ಬಂದವರು. ಬೇಲಿಯ ಆಚೆ ಸಾವಿತ್ರಿ ಬಟ್ಟೆ ಹರವುತ್ತಿದ್ದಳು. ಬಾಗಿಲ ಸಂದಿಯಿಂದ ನನಗೆ ಅವಳ ತೋಳು ಕಾಣುತ್ತಿತ್ತು. ಒದ್ದೆ ಸೀರೆ ಹಿಡಿದ ತೋಳು ಅಲುಗದೆ ನಿಂತಿತ್ತು, ಕಿವಿ ಇತ್ತ ಕೊಟ್ಟವರ ಹಾಗೆ.

“ಏನ್ರಿ ತಾಯಿ, ಉಣ್ತಾರೇನು?”

“ಹೌದು.”

“ನಿದ್ದಿ?”

“ಹೌದು.”

“ಮಾತು?”

“ಹೌದು. ಮೊದಲಿನ ಹಾಗೇ ಇದ್ದಾರೆ.” ಕೇಳದಿದ್ದದ್ದನ್ನೂ ಸೇರಿಸಿ, ಬೇಲಿಯ ಆಚೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

“ಛಲೋ ಆತು. ನಾಳಿ ಮ್ಯಾಲಿನ ಕೇರಿಗೆ ಅವರನ್ನೇ ಕಳಸ್ತೀನಿ. ಮಿರ್ಗದ ಮಳಿ ಹಿಡದ್ರ ಹೊಳಿ ಏರ್ತದ, ಮುಂದ ದೋಣಿ ಹೋಗಂಗಿಲ್ಲ. ನಂಬಿಗಸ್ತರು ಬೇಕು.” ಅವರು ನೀರನ್ನೂ ಕುಡಿಯದೆ ಸೈಕಲ್ ಹತ್ತಿದರು.

ಮರುದಿನ ಇವರು ಹತ್ತು ಗಂಟೆಗೇ ತಿರುಗಿ ಬಂದರು. ಹೋದವರು ಯಾವತ್ತೂ ಮಧ್ಯಾಹ್ನ ಎರಡು ಗಂಟೆಗೆ ಮೊದಲು ಬಂದದ್ದಿಲ್ಲ. “ಇಷ್ಟು ಬೇಗ ಆತಾ?” ಎಂದೆ. “ಎಲ್ಲ ಖಾಲಿ ಮನೆ” ಎಂದು ಹಿತ್ತಲಿಗೆ ನಡೆದರು. ಖಾಲಿ ಎಂದರೆ ಏನೆಂದು ನನಗೆ ಗೊತ್ತಿತ್ತು. ಆಸ್ಪತ್ರೆ ಮಾಡಿದ ಶಾಲೆ ನಮ್ಮ ಮನೆಯಿಂದ ಕೂಗಳತೆ ದೂರ. ಸೆರಗು ಹೊದ್ದು ನಡೆದಿದ್ದರೆ ಅಕ್ಕಿ ಬೇಯುವಷ್ಟರಲ್ಲಿ ಹೋಗಿ ಬರಬಹುದಿತ್ತು. ನಾನು ಹಂಡೆಯ ಕೆಳಗೆ ಬೆಂಕಿ ಮಾಡಿ ಅವರ ಬಟ್ಟೆ ಕುದಿಸಿದೆ. ಮಧ್ಯಾಹ್ನ ಪಡುವಲಿನಲ್ಲಿ ಕಪ್ಪಾಗಿ, ಗಾಳಿ ಎದ್ದು, ಮಳೆ ಹಿಡಿಯಿತು. ಮುರುಗಲ ಸಿಪ್ಪೆ ಒಳಗೆ ಸಾಗಿಸುವ ಗಡಿಬಿಡಿಯಲ್ಲಿ ಆ ದಿನ ಕಳೆಯಿತು. ಮರುದಿನವೂ ಮಳೆ. ಕಟ್ಟಿಗೆಯ ಮೇಲೆ ಸೋಗೆ ಮುಚ್ಚಿದೆ, ಸೋರುವಲ್ಲಿ ಪಾತ್ರೆ ಇಟ್ಟೆ. ಕೈಗೆ ಒಂದರ ಮೇಲೊಂದು ಕೆಲಸ ಕೊಟ್ಟುಕೊಂಡೆ.

ಮೂರನೆಯ ದಿನ ಮಳೆ ಹೊಳವಾದಾಗ ಗಣಪಯ್ಯ ಬಾವಿಯ ಮದ್ದು ತೆಗೆದುಕೊಂಡು ದೇವುವಿನ ದೋಣಿಯಲ್ಲಿ ಆಚೆ ದಡದ ಮೇಲಿನ ಕೇರಿಗೆ ಹೋದ. ಅಲ್ಲಿ ಅಡ್ಡಗೆರೆ ಬಿದ್ದ ಒಂದು ಮನೆಯ ಕೊಟ್ಟಿಗೆಯಿಂದ ಕರು ಕೂಗುತ್ತಿತ್ತು. ಮೊದಲ ದಿನ ಅದರ ಮುಂದೆ ಹುಲ್ಲಿದ್ದಿರಬೇಕು, ಆಗ ಕೂಗಿರಲಿಲ್ಲ. ಮನೆ ಬಿಟ್ಟು ಹೋಗುವವರು ಕರುವನ್ನು ಕಟ್ಟಿ ಹೋಗುತ್ತಾರೆಯೇ ಎಂದು ಅವನಿಗೆ ಅನಿಸಿತು. ಅವನ ಕೆಲಸ ಬಾವಿಯದು, ಮನೆಯದಲ್ಲ. ಆದರೂ ಹೋಗಿ ಬಾಗಿಲು ತೆಗೆದ. ದೇವು ಹೇಳಿದ, “ಅಗುಳಿ ಜಾರ್ಸೂಕೆ ನಾಕು ಸಲ ಬೇಕಾತು ಅಕ್ಕೋರೇ, ಅಷ್ಟು ನಡಗ್ತಿತ್ತು ಕೈ. ಆದ್ರೂ ನಂಗೆ ಬಿಟ್ಟು ಕೊಡ್ಲಿಲ್ಲ.”

ಒಳಗೆ ತಿಮ್ಮಕ್ಕ ಎಂಬ ಹೆಂಗಸು, ಅವಳ ಅತ್ತೆ. ತಿಮ್ಮಕ್ಕನ ಗಂಡ ಸರಕಿನ ಮಚವೆ ಹಡಗಿನ ಮೇಲೆ ಮುಂಬಯಿ ಕಡೆ ಹೋದವ ಇನ್ನೂ ಬಂದಿರಲಿಲ್ಲ. ಅತ್ತೆ ಸತ್ತು ಒಂದು ರಾತ್ರಿಯಾಗಿತ್ತು. ತಿಮ್ಮಕ್ಕನಲ್ಲಿ ಉಸಿರಿತ್ತು. ಗಣಪಯ್ಯ ಅವಳನ್ನು ಹೆಗಲಿಗೆ ಹಾಕಿಕೊಂಡು ದೋಣಿಗೆ ತಂದ.

ದೇವು ಇದನ್ನು ಹೇಳುವಾಗ ಇವರು ಜಗಲಿಯಲ್ಲೇ ಇದ್ದರು. ಎದ್ದು, ಕೊಡೆ ಇಲ್ಲ, ಅಂಗಿ ಇಲ್ಲ, ಹಾಗೇ ಆಸ್ಪತ್ರೆಗೆ ನಡೆದರು. ಡಾಕ್ಟರರ ಮುಂದೆ ನಿಂತು ಎಲ್ಲ ಹೇಳಿದರು: ಬಾಗಿಲು ತೆಗೆದಿಲ್ಲ, ಮೇಲಿನ ಕೇರಿಯದೂ ಅದಕ್ಕೆ ಮುಂಚಿನದೂ ಅಷ್ಟೂ ಗೆರೆ ಸುಳ್ಳು, ಎಂಟು ದಿನದಿಂದ ನಿದ್ದೆಯಿಲ್ಲ. ಒಂದನ್ನು ಮಾತ್ರ ಬಿಟ್ಟರು. ಹೆಂಡತಿಗೆ ಇದು ಮೊದಲೇ ಗೊತ್ತಿತ್ತು ಎನ್ನುವುದನ್ನು. ಕೂಡಲೇ ಬೇರೆ ನಾಲ್ವರು ಹೋಗಿ ಉಳಿದ ಮನೆಗಳನ್ನು ತೆಗೆದು ನೋಡಿದರು. ಅವು ಖಾಲಿಯೇ ಇದ್ದವು.

ಸಂಜೆ ಡಾಕ್ಟರರು ಬಂದರು. ಅಂಗಳದಿಂದ ಮೇಲೆ ಹತ್ತಲಿಲ್ಲ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. “ತಾಯಿ, ನಾ ನಿಮ್ಮನ್ನ ಕೇಳಿದ್ದೆ” ಎಂದರು. ಅಷ್ಟೇ. ಸೈಕಲ್ ತಿರುಗಿಸಿಕೊಂಡು, “ನಾಳಿಯಿಂದ ಅವರು ಆಸ್ಪತ್ರಿಯೊಳಗ ಹೆಸರು ಬರಿಯೋ ಕೆಲಸ ಮಾಡಲಿ” ಎಂದು ಹೋದರು.

ಅವರು ಹೋದ ಬೆನ್ನಿಗೆ ಬೇಲಿಯ ದಣಪೆ ದಾಟಿ ಸಾವಿತ್ರಿ ಬಂದಳು. ಕೈಯಲ್ಲಿ ಒಂದು ಜಾಯಿಕಾಯಿ. “ಅಕ್ಕಾ, ಇದ್ನ ಹಾಲಲ್ಲಿ ತೇದು ಮಾಸ್ತರಿಗೆ ಕೊಡಿ. ನಮ್ಮವ್ರಿಗೂ ಹಿಂಗೇ ಆಗಿತ್ತು. ಮೂರು ದಿನಕ್ಕೆ ನಿದ್ದೆ ಬಂತು” ಎಂದಳು. ಕಲ್ಲಿನ ಹತ್ತಿರದ ಮಾತು ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ. ನಾನು ಅದನ್ನು ತೆಗೆದುಕೊಂಡೆ. ತಪ್ಪಾಯಿತು ಎನ್ನಬೇಕು ಎಂದು ಬಾಯಿ ತೆರೆದವಳು, “ಹಾಲು ಎಷ್ಟು ಹಾಕೂದು?” ಎಂದು ಕೇಳಿದೆ.

ಇವರಿಗೆ ನಿದ್ದೆ ಬಂತು, ಆದರೆ ಮೂರು ದಿನಕ್ಕಲ್ಲ, ಮಳೆಗಾಲ ಅರ್ಧ ಕಳೆದ ಮೇಲೆ. ಬ್ಯಾನೆ ಹೋಯಿತು, ಶಾಲೆಗೆ ಬೆಂಚು ವಾಪಸು ಬಂತು. ಮಕ್ಕಳನ್ನು ಕುಮಟೆಯಿಂದ ಕರೆತಂದೆವು. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಒಮ್ಮೆಯಾದರೂ, “ನೀನು ಹೇಳ್ಬಹುದಿತ್ತಲ್ಲ” ಎಂದು ಅವರು ಅನ್ನಲಿ ಎಂದು ಇಪ್ಪತ್ತು ವರ್ಷ ಕಾದೆ. ಅನ್ನಲಿಲ್ಲ.

ಚೌತಿ ಕಳೆದು ಎಂಟು ದಿನಕ್ಕೆ ತಿಮ್ಮಕ್ಕ ಬಂದಳು. ತಲೆಯ ಮೇಲೆ ಒಂದು ಬುಟ್ಟಿ ಮೊಗೆಕಾಯಿ, ಹೊಳೆ ದಾಟಿ, ಮನೆ ಕೇಳುತ್ತ ಬಂದಿದ್ದಳು. ಇವರು ಶಾಲೆಯಲ್ಲಿದ್ದರು. ಬುಟ್ಟಿ ಇಳಿಸಿ ಜಗಲಿಯ ಅಂಚಿನಲ್ಲಿ ಕೂತಳು. ಇನ್ನೂ ಬಡಕಲಾಗಿದ್ದಳು, ಕೂದಲು ಉದುರಿ ತುರುಬು ಲಿಂಬೆಕಾಯಿಯಷ್ಟಾಗಿತ್ತು. ಬೆಲ್ಲ ನೀರು ಕೊಟ್ಟೆ. ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು ಹೇಳಿದಳು.

“ಅಮ್ಮಾ, ಮಾಸ್ತರ ದನಿ ನಂಗೆ ಕೇಳ್ತು ಆ ದಿವ್ಸ. ‘ಒಳಗೆ ಯಾರಿದ್ದೀರಿ’ ಅಂತ ಮೂರು ಸಲ. ನಾ ಓ ಅಂದೆ. ಬಾಯಿ ಒಣಗಿತ್ತು, ಹೊರಗೆ ಬಂತೋ ಒಳಗೇ ಉಳೀತೋ ಗೊತ್ತಿಲ್ಲ. ಅತ್ತೆಗೆ ಆಗ ಮಾತಿತ್ತು. ‘ಬಂದ್ರು ಕಾಣೇ, ಇನ್ನು ಹೆದ್ರೂದು ಬ್ಯಾಡ’ ಅಂತು. ಮತ್ತೆ ಮಳೆ ಬಂತು. ಮಳೆಗೆ ಬರೂಕಾಗ್ಲಿಲ್ಲ ಅವ್ರಿಗೆ, ಅಲ್ದಾ? ಮಳೆ ಬಿಟ್ಟ ಕೂಡ್ಲೇ ಆ ಗಣಪಯ್ಯನ ಕಳ್ಸದ್ರು. ಅತ್ತೆ ಹಣೇಲಿ ಇರ್ಲಿಲ್ಲ, ಅದಕ್ಕೆ ಯಾರು ಎಂತ ಮಾಡೂಕಾಗ್ತದೆ?”

ನಾನು ಬುಟ್ಟಿಯಿಂದ ಮೊಗೆಕಾಯಿ ಒಂದೊಂದೇ ತೆಗೆದು ಗೋಡೆಗೆ ಸಾಲಾಗಿ ಇಡುತ್ತಿದ್ದೆ.

“ಕೇಳಿತ್ತಲ್ದಾ ಅಮ್ಮಾ ಅವ್ರಿಗೆ, ನಾ ಓ ಅಂದದ್ದು?” ಎಂದಳು. “ನಮ್ಮ ಮನೆಯವ್ರು ಮುಂಬಯಿಂದ ಬಂದವ್ರು ಕೇಳದ್ರು, ಮಾಸ್ತರು ಬಾಗ್ಲು ಯಾಕೆ ತೆಗೀಲಿಲ್ಲ ಅಂತ. ನಾ ಹೇಳದೆ, ಕೇಳಿದ್ದಕ್ಕೇ ಅಲ್ದಾ ಜನ ಕಳ್ಸಿದ್ದು, ಸುಮ್ನೆ ಒಬ್ರ ಮೇಲೆ ಹಾಕ್ಬ್ಯಾಡಿ ಅಂತ. ನೀವೇ ಹೇಳಿ.”

ಅವಳು ನನ್ನ ಮುಖ ನೋಡುತ್ತಿದ್ದಳು. ನಮ್ಮ ನಡುವೆ ಬಾಗಿಲು ಇರಲಿಲ್ಲ. ಬೇಲಿಯ ಆಚೆ ಯಾರೂ ಇರಲಿಲ್ಲ. ಒಳಗೆ ಅತ್ತೆ ಮಲಗಿದ್ದರು.

“ಹೌದು, ಕೇಳಿತ್ತು” ಎಂದೆ.

ತಿಮ್ಮಕ್ಕನ ಮುಖ ಸಡಿಲವಾಯಿತು. ಖಾಲಿ ಬುಟ್ಟಿ ಪಕ್ಕಕ್ಕಿಟ್ಟು, ಬಗ್ಗಿ, ಎರಡೂ ಕೈಯಿಂದ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.